ಏಕವಚನ, ಬಹುವಚನ ಮತ್ತು ಇಂಗ್ಲಿಷ್ ಉಪಪದಗಳು

ಕನ್ನಡದಲ್ಲಿ "ಹತ್ತು ಮರ" ಎಂದರೂ "ಹತ್ತು ಮರಗಳು" ಎಂದರೂ ಶುದ್ಧವೇ. "ಅವಳು ಉಪಾಧ್ಯಾಯಿನಿ" ಎಂಬಲ್ಲಿ "ಒಬ್ಬಳು" ಎಂಬುದು ಬೇಕಾಗಿಲ್ಲ. ಈ ರೂಢಿಯಿಂದಲೇ ನಮ್ಮ ಬಾಲಿಕೆಯರು "ಟೆನ್ ಟ್ರೀ", "ಷಿ ಈಸ್ ಟೀಚರ್" ಎಂದು ಬರೆಯುವರು.

ಇಂಗ್ಲಿಷಿನಲ್ಲಿ ಎಣಿಸತಕ್ಕ ರೂಢನಾಮವು ಏಕವಚನದಲ್ಲಿ ಸಾಮಾನ್ಯವಾಗಿ ಒಂಟಿಯಾಗಿ ನಿಲ್ಲದು. ಮೊದಲು ಹೇಳುವಾಗ "ಎ ಬುಕ್". ಅದನ್ನೇ ಮತ್ತೆ ಹೇಳುವಾಗ "ದಿ ಬುಕ್". ಬಹುವಚನಕ್ಕೆ "ಎ" ಸಲ್ಲದು. "ಅಡ್ವೈಸ್", "ಫರ್ನಿಚರ್" ಎಂಬವುಗಳಿಗೆ "ಎ"ಯೂ ಇಲ್ಲ, ಬಹುವಚನವೂ ಇಲ್ಲ.

ಉಪಪದವು ಅಲ್ಪವೆಂದು ಎಣಿಸಬಾರದು. "ದಿ ಸೆಕ್ರೆಟರಿ ಅಂಡ್ ಟ್ರೆಷರರ್" ಎಂದರೆ ಒಬ್ಬರೇ. "ದಿ ಸೆಕ್ರೆಟರಿ ಅಂಡ್ ದಿ ಟ್ರೆಷರರ್" ಎಂದರೆ ಇಬ್ಬರು.

ಬಾಗಲಗುಂಟೆಯ ತಾಯ್ತಂದೆಗಳೇ, ಮಗಳು ಪೀಣ್ಯದ ಕಾರ್ಖಾನೆಗೆ ಅರ್ಜಿ ಬರೆದಾಗ ಪ್ರತಿಯೊಂದು ನಾಮಪದದ ಮೇಲೂ ಬೆರಳಿಟ್ಟು ಕೇಳಿರಿ: ಇದನ್ನು ಎಣಿಸಬಹುದೇ? ಒಂದೋ, ಹಲವೋ? ಓದುವವರು ಇದನ್ನು ಮೊದಲೇ ಅರಿತಿರುವರೋ?