ಕಪ್ಪು-ಬಿಳುಪಿನಲ್ಲಿ ಜಲಪಾತ

ವರ್ಣರಹಿತವಾದ ಚಿತ್ರದಲ್ಲಿ ವಸ್ತುವಿನ ಸ್ವರೂಪವನ್ನು ತೋರತಕ್ಕವು ಎರಡೇ: ಬೆಳಕು ಮತ್ತು ನೆರಳು. ಜಲಪಾತವಾದರೋ ಸ್ವಭಾವತಃ ಬಿಳಿಯ ನೊರೆ, ಕರಿಯ ಬಂಡೆ ಇವುಗಳ ಸಮಾಗಮ. ಆದ್ದರಿಂದ ಕಪ್ಪು-ಬಿಳುಪಿನ ಛಾಯಾಗ್ರಹಣಕ್ಕೆ ಇದಕ್ಕಿಂತ ಉಚಿತವಾದ ವಸ್ತು ವಿರಳ. ಇದಕ್ಕಿಂತ ಕಠಿನವಾದುದೂ ವಿರಳವೇ.

ಕಾಠಿನ್ಯಕ್ಕೆ ಮೊದಲನೆಯ ಕಾರಣ ಬೆಳಕಿನ ಅಳತೆ. ಕ್ಯಾಮರಾದ ಬೆಳಕುಮಾಪಕವು ತಾನು ಕಂಡುದೆಲ್ಲವನ್ನೂ ಮಧ್ಯಮ ಬೂದುಬಣ್ಣವೆಂದೇ ಎಣಿಸುತ್ತದೆ. ಅದನ್ನು ನೊರೆಯ ಕಡೆಗೆ ಹಿಡಿದು, ಅದು ಹೇಳಿದಂತೆಯೇ ಚಿತ್ರ ತೆಗೆದರೆ ಹಾಲಿನಂಥ ನೀರು ಬೂದಿಯಂತಾಗುತ್ತದೆ. ಅದನ್ನು ಸರಿಪಡಿಸಲು ಒಂದರಿಂದ ಎರಡು ಸ್ಟಾಪಿನಷ್ಟು, ಎಂದರೆ ಎರಡರಿಂದ ನಾಲ್ಕು ಪಟ್ಟು, ಬೆಳಕನ್ನು ಹೆಚ್ಚಿಸಬೇಕು. ಮಿತಿ ಮೀರಿದರೆ ನೊರೆಯ ಎಳೆಗಳೆಲ್ಲ ಅಳಿದು ಬರಿಯ ಬಿಳಿಯ ಪಟ್ಟೆ ಉಳಿಯುತ್ತದೆ. ಅಮೆರಿಕದ ಆನ್ಸೆಲ್ ಆಡಮ್ಸ್ (1902-1984) ಮತ್ತು ಫ್ರೆಡ್ ಆರ್ಚರ್ ಎಂಬವರು 1940ರ ಸುಮಾರಿಗೆ ರೂಪಿಸಿದ ‘ಜೋನ್ ಪದ್ಧತಿ’ಯು ಅಚ್ಚಕಪ್ಪಿನಿಂದ ಅಚ್ಚಬಿಳುಪಿನವರೆಗಿನ ಛಾಯೆಗಳನ್ನು ಸೋಪಾನದಂತೆ ವಿಂಗಡಿಸಿ, ಈ ತಾರತಮ್ಯಕ್ಕೆ ಶಾಸ್ತ್ರದ ನೆಲೆಯನ್ನು ಒದಗಿಸಿತು.

ಎರಡನೆಯ ಕಾರಣ ಕಾಲದ ಅಳತೆ. ಸೆಕೆಂಡಿನ ಐನೂರನೆಯ ಒಂದಂಶ ಮಾತ್ರ ಬೆಳಕು ಬಿಟ್ಟರೆ ಹನಿಹನಿಯೂ ಬೇರೆಯಾಗಿ ನಿಲ್ಲುತ್ತದೆ; ಮುಕ್ಕಾಲಿಯ ಮೇಲೆ ಕ್ಯಾಮರಾವನ್ನಿಟ್ಟು ಪೂರ್ಣ ಒಂದು ಸೆಕೆಂಡು ಬಿಟ್ಟರೆ ನೀರು ರೇಷ್ಮೆಯ ಸೆರಗಿನಂತೆ ಹರಡುತ್ತದೆ. ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಮೊದಲನೆಯದನ್ನು ಸ್ವಭಾವೋಕ್ತಿಗೂ ಎರಡನೆಯದನ್ನು ಉತ್ಪ್ರೇಕ್ಷೆಗೂ ಹೋಲಿಸಬಹುದು. ಆದರೆ ಬರಿಗಣ್ಣಿಗೆ ಇವೆರಡೂ ಈ ಬಗೆಯಲ್ಲಿ ಕಾಣವು. ಆದುದರಿಂದ ಇಲ್ಲಿ ಪ್ರಮಾಣವಾಗಬೇಕಾದುದು ಔಚಿತ್ಯ.

ಈ ಔಚಿತ್ಯವಿಚಾರಕ್ಕೆ ಜೋಗವೇ ಉತ್ತಮ ನಿದರ್ಶನ. 253 ಮೀಟರು ಎತ್ತರದಿಂದ ಧುಮುಕುವ ಶರಾವತಿಗೆ ಅಲ್ಲಿ ನಾಲ್ಕು ಧಾರೆಗಳು. ರಾಜ ಏಕಧಾರೆಯಾಗಿ ಗಂಭೀರವಾಗಿ ಇಳಿಯುತ್ತದೆ. ರೋರರ್ ಗರ್ಜಿಸುತ್ತ ಬಂದು ರಾಜನನ್ನು ಕೂಡಿಕೊಳ್ಳುತ್ತದೆ. ರಾಕೆಟ್ ಬಾಣಗಳಂತೆ ಚಿಮ್ಮುತ್ತದೆ. ರಾಣಿ ಬಂಡೆಯನ್ನು ಅಪ್ಪಿ ನೊರೆಯಾಗಿ ಜಾರುತ್ತದೆ. ರಾಕೆಟ್ಟಿನ ಚಿಮ್ಮುವಿಕೆಗೆ ಅಲ್ಪಕಾಲವೂ ರಾಣಿಯ ಲಾಲಿತ್ಯಕ್ಕೆ ದೀರ್ಘಕಾಲವೂ ಒಪ್ಪುತ್ತವೆ. ಸುತ್ತಣ ಹಸುರೂ ಒದ್ದೆಯ ಬಂಡೆಯೂ ಚಿತ್ರದಲ್ಲಿ ಒಂದೇ ಛಾಯೆಯಾಗಿ ಬೆರೆಯುವ ಸಂಭವವುಂಟು. ಹಸಿರು ಫಿಲ್ಟರನ್ನು ಬಳಸಿದರೆ ಎಲೆಗಳು ತಿಳಿಯಾಗಿ ಬಂಡೆಯಿಂದ ಬೇರ್ಪಡುತ್ತವೆ.

ಜಲಪಾತದ ಚಿತ್ರ ಸೌಂದರ್ಯಕ್ಕೆ ಮಾತ್ರ ಸೇರಿದುದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾದ ಮೇಲೆ, ನಾಡಿಗೆ ವಿದ್ಯುತ್ತನ್ನಿತ್ತ ಅದೇ ನೀರು ಜೋಗದಲ್ಲಿ ಮಳೆಗಾಲದ ಹೊರಗೆ ತೆಳುವಾಯಿತು. ಅದಕ್ಕೂ ಹಿಂದಿನ ಕಪ್ಪು-ಬಿಳುಪಿನ ಚಿತ್ರಗಳು ಇಂದು ನದಿಯ ಹಳೆಯ ಮೈಸಿರಿಗೆ ಸಾಕ್ಷಿಗಳು. ಆದಕಾರಣ ಕ್ಯಾಮರಾ ಹಿಡಿಯುವ ವಿದ್ಯಾರ್ಥಿಗೆ ಉಪಾಧ್ಯಾಯರು ಬೆಳಕಿನ ಲೆಕ್ಕದೊಡನೆ ಇನ್ನೊಂದು ಅಭ್ಯಾಸವನ್ನೂ ಕಲಿಸತಕ್ಕದ್ದು: ಪ್ರತಿ ಚಿತ್ರದ ಹಿಂದೆ ಸ್ಥಳ, ತಿಂಗಳು, ವರ್ಷಗಳನ್ನು ಬರೆದಿಡುವುದು. ಅವಿಲ್ಲದ ಚಿತ್ರ ಎಷ್ಟೇ ಚೆಲುವಾಗಿದ್ದರೂ ಸಾಕ್ಷಿಗೆ ಬಾರದು.