ಅಂಗವಿಕಲರ ಹಕ್ಕು, ನಮ್ಮ ಬಾಧ್ಯತೆ

ಪ್ರವಾದಿವರ್ಯರು(ಸ) ಮಕ್ಕಾದ ಮುಖಂಡರೊಡನೆ ಮಾತನಾಡುತ್ತಿದ್ದಾಗ ಅಂಧರಾದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಕಲಿಯುವ ಹಂಬಲದಿಂದ ಅಲ್ಲಿಗೆ ಬಂದರು. ಅವರ ಕಡೆಗೆ ಗಮನ ಹರಿಯದೆ ಹೋದಾಗ ‘ಅಬಸ’ ಅಧ್ಯಾಯದ ಆರಂಭದ ಸೂಕ್ತಗಳು ಅವತೀರ್ಣಗೊಂಡವು. ಮುಂದೆ ಅದೇ ಸಹಾಬಿ ಮದೀನಾದಲ್ಲಿ ಅದಾನ್ ಕೊಡುವವರಾದರು. ಪ್ರವಾದಿವರ್ಯರು(ಸ) ಊರಿನಲ್ಲಿಲ್ಲದಾಗ ಮದೀನಾದ ಹೊಣೆಯನ್ನೂ ಹೊತ್ತರು.

ಇನ್ನು ನಮ್ಮ ಮನೆಗಳನ್ನು ನೋಡೋಣ. ನಡೆಯಲಾಗದ ಮಗುವಿಗೆ ರಮಝಾನಿನಲ್ಲಿ ಹೊಸ ಬಟ್ಟೆ ಕೊಡುತ್ತೇವೆ. ಆದರೆ ಆ ಮಗುವನ್ನು ಶಾಲೆಗೆ ಸೇರಿಸಲು ಎಷ್ಟು ಮಂದಿ ಓಡಾಡುತ್ತೇವೆ?

ಹುಣಸಮಾರನಹಳ್ಳಿಯ ಮೂಲಕ ಹಾದುಹೋಗುವ ಬಳ್ಳಾರಿ ರಸ್ತೆಯಲ್ಲಿ ಹಗಲಿರುಳೂ ವಿಮಾನ ನಿಲ್ದಾಣಕ್ಕೆ ವಾಹನಗಳು ಸಾಗುತ್ತಿರುತ್ತವೆ. ಗಾಲಿಕುರ್ಚಿಯಲ್ಲಿರುವ ಪ್ರಯಾಣಿಕರಿಗೆ ವಿಮಾನದಲ್ಲಿ ದೊರೆಯುವ ಸೌಕರ್ಯದ ಹಿಂದೆ ಜಾವೇದ್ ಆಬಿದಿಯವರ ಹೋರಾಟವಿದೆ. ಸ್ವತಃ ಗಾಲಿಕುರ್ಚಿಯಲ್ಲೇ ಬದುಕಿದ ಅವರು ಸುಪ್ರೀಂ ಕೋರ್ಟಿನ ಮೊರೆಹೋದರು. ಅಂಧರಿಗೆ ಇದ್ದ ಪ್ರಯಾಣದರದ ರಿಯಾಯಿತಿಯನ್ನು ತೀವ್ರ ಚಲನಾ ವೈಕಲ್ಯವುಳ್ಳವರಿಗೂ ಕೊಡಬೇಕೆಂದು 1998ರಲ್ಲಿ ನ್ಯಾಯಾಲಯವು ಇಂಡಿಯನ್ ಏರ್‌ಲೈನ್ಸ್‌ಗೆ ಆದೇಶಿಸಿತು. ಅವರು ಕೇಳಿದ್ದು ಭಿಕ್ಷೆಯನ್ನಲ್ಲ, 1995ರ ಅಂಗವಿಕಲರ ಕಾಯ್ದೆ ಕೊಟ್ಟಿದ್ದ ಹಕ್ಕನ್ನು.

ಆ ಕಾಯ್ದೆಯ ಸ್ಥಾನದಲ್ಲಿ ಈಗ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಿದೆ. ಹಿಂದೆ 7 ಬಗೆಯ ವೈಕಲ್ಯಗಳನ್ನು ಗುರುತಿಸಲಾಗಿತ್ತು, ಈಗ 21. ಪ್ರತಿ ಕುಟುಂಬವೂ ತಿಳಿದಿರಬೇಕಾದ ಕೆಲವು ಅಂಶಗಳು ಹೀಗಿವೆ:

1. ಶೇ. 40 ಅಥವಾ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಸಮೀಪದ ಶಾಲೆಯಲ್ಲಿ ಇಲ್ಲವೇ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ.

2. ಇವರಿಗೆ ಸರಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4, ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5 ಮೀಸಲಾತಿಯಿದೆ.

3. ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ತುತ್ತಾದ ಸರಕಾರಿ ನೌಕರನನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಿಂದ ಕೆಳಗಿಳಿಸುವಂತಿಲ್ಲ.

4. ಸಾರ್ವಜನಿಕವಾಗಿ ವಿಕಲಚೇತನರನ್ನು ಬೇಕೆಂದೇ ಅವಮಾನಿಸಿದವರಿಗೆ 6 ತಿಂಗಳಿನಿಂದ 5 ವರ್ಷದವರೆಗೆ ಸೆರೆವಾಸ ಮತ್ತು ದಂಡವಿದೆ.

ಈ ಕೊನೆಯ ಅಂಶವನ್ನು ಓದುವಾಗ ‘ಹುಜುರಾತ್’ ಅಧ್ಯಾಯದ 11ನೇ ಸೂಕ್ತ ನೆನಪಾಗದಿರದು. ಪರಿಹಾಸ್ಯ ಮಾಡುವುದನ್ನೂ ಅಡ್ಡ ಹೆಸರಿನಿಂದ ಕರೆಯುವುದನ್ನೂ ಅದು ನಿಷೇಧಿಸಿದೆ. ಆದರೂ ‘ಕುಂಟ’, ‘ಮೂಗ’ ಎಂಬ ಹೆಸರುಗಳು ನಮ್ಮ ಓಣಿಗಳಲ್ಲಿ ಇನ್ನೂ ಅಳಿದಿಲ್ಲ.

ಸಹೋದರ ಸಹೋದರಿಯರೇ, ವೈಕಲ್ಯವನ್ನು ಮುಚ್ಚಿಟ್ಟರೆ ಮಗುವಿನ ಹಕ್ಕೂ ಮುಚ್ಚಿಹೋಗುತ್ತದೆ. ಮೊದಲು ವೈಕಲ್ಯದ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ ಮಾಡಿಸಿಕೊಳ್ಳಿರಿ. ತಾರತಮ್ಯವಾದರೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ಲಿಖಿತ ದೂರು ಸಲ್ಲಿಸಿರಿ. ಹಾಗೆಯೇ ನಮ್ಮ ಮಸೀದಿ, ಮದ್ರಸಗಳ ಮೆಟ್ಟಿಲುಗಳನ್ನೂ ಒಮ್ಮೆ ನೋಡಿರಿ. ಗಾಲಿಕುರ್ಚಿಯಲ್ಲಿ ಬಂದವನು ಅವುಗಳ ಬಳಿಯೇ ನಿಂತುಬಿಡಬೇಕಾದರೆ, ನ್ಯಾಯವನ್ನು ನಾವು ಇತರರಿಂದ ಯಾವ ಮುಖದಿಂದ ಕೇಳಬೇಕು?