ಟಿವಿ ಕೊಳ್ಳಹೊರಟ ಅಳಿಯನಿಗೆ

ಅಳಿಯ, ದೀಪಾವಳಿಗೆ ಎಚ್‌ಡಿ ಟಿವಿ ತರಬೇಕೆಂದಿದ್ದೇನೆ, ಯಾವುದು ತರಲಿ ಮಾವ ಎಂದು ಕೇಳಿದ್ದೀಯ. ಯಾವ ಕಂಪನಿ, ಎಷ್ಟು ಇಂಚು ಅನ್ನುವುದು ಕೊನೆಗೆ ಕೇಳಬೇಕಾದ ಮಾತು. ಕಂಬಂನ ಅಂಗಡಿಯವನು ಅದರಿಂದಲೇ ಶುರು ಮಾಡುತ್ತಾನೆ. ಅವನು ಮಾರುವುದು ಅದನ್ನೇ ತಾನೇ. ನೀನು ಶುರು ಮಾಡಬೇಕಾದ್ದು ನಿಮ್ಮ ಮನೆಯ ಕಿಟಕಿ ಸಂದಿಯಿಂದ ಒಳಗೆ ಬರುವ ವೈರಿನಿಂದ.

ಬೆಂಗಳೂರಿನ ರಿಪೇರಿ ಅಂಗಡಿಯಲ್ಲಿ ನನ್ನ ಅರ್ಧ ಆಯುಸ್ಸು ಕಳೆದಿದೆ. ತಮಿಳುನಾಡಿನ ಕಾಮಯಗೌಂಡನ್‌ಪಟ್ಟಿಯ ನಮಗೆ ಕನ್ನಡ ಮನೆಯ ಮಾತು, ಪಾಟಿ ಹಿಡಿದು ಕಲಿತದ್ದು ತಮಿಳು. ಕನ್ನಡ ಬರೆಯುವುದನ್ನು ನಾನು ಕಲಿತದ್ದು ಆ ಅಂಗಡಿಯಲ್ಲಿ, ಗಿರಾಕಿಗಳಿಗೆ ರಸೀದಿ ಬರೆದುಕೊಡುತ್ತಾ. ಹಾಗಾಗಿ ಈ ಎರಡು ವಿಷಯದಲ್ಲಿ, ಅಂದರೆ ಟಿವಿ ಮತ್ತು ಕನ್ನಡ, ನನ್ನ ಮಾತು ಸ್ವಲ್ಪ ಉದ್ದವಾದರೂ ಸಹಿಸಿಕೊ.

ನಿಮ್ಮ ಮನೆಯ ಈಗಿನ ಟಿವಿಗಿಂತ ಮೊದಲು ಯಾವುದಿತ್ತು, ನಿನಗೆ ನೆನಪಿದೆಯೋ ಇಲ್ಲವೋ. ಸರ್ಕಾರದ ಮುದ್ರೆ ಒತ್ತಿದ 14 ಇಂಚಿನ ಕಲರ್ ಟಿವಿ. 2006ರ ಚುನಾವಣೆಯಲ್ಲಿ ಕರುಣಾನಿಧಿಯವರು ಮಾತು ಕೊಟ್ಟು, ಅದೇ ವರ್ಷ ಸೆಪ್ಟೆಂಬರ್ 15ರಂದು, ಅಣ್ಣಾದುರೈ ಹುಟ್ಟಿದ ದಿನ, ಹಂಚಲು ಶುರು ಮಾಡಿದ್ದು. ರೇಷನ್ ಕಾರ್ಡ್ ತೋರಿಸಿ ತಂದದ್ದು. ಅದಕ್ಕೂ ಮುಂಚೆ ನಮ್ಮ ಕಡೆ ಟಿವಿ ಅಂದರೆ ಪಂಚಾಯ್ತಿಯ ಟಿವಿ ರೂಮು, ಮಾಳಿಗೆ ಇದ್ದವರ ಮನೆಯ ಮೇಲೆ ಕೊಡೈಕಾನಲ್ ಬೆಟ್ಟದ ಕಡೆ ಮುಖ ಮಾಡಿದ ಆಂಟೆನಾ, ಭಾನುವಾರದ ರಾಮಾಯಣ. ಪುಕ್ಕಟೆ ಬಂದದ್ದನ್ನು ಯಾರೂ ಲೆಕ್ಕ ಹಾಕಿ ಆರಿಸುವುದಿಲ್ಲ. ಈ ಸಲ ದುಡ್ಡು ನಿನ್ನದು, ದ್ರಾಕ್ಷಿ ಗೊನೆ ಕೊಯ್ದು ಮಾರಿದ ದುಡ್ಡು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಎಚ್‌ಡಿ ಅನ್ನುವುದು ಟಿವಿಯ ಒಳಗೆ ತುಂಬಿಟ್ಟ ಗುಣವಲ್ಲ. ಪೆರಿಯಾರ್ ನೀರನ್ನೇ ನೋಡು. 1895ರಲ್ಲಿ ಪೆನ್ನಿಕುಯಿಕ್ ಕಟ್ಟಿದ ಅಣೆಯಿಂದ ಸುರಂಗ ದಾಟಿ, ಕಾಲುವೆ ಹಿಡಿದು, ತೂಬಿನ ಬಾಯಿಂದ ಗದ್ದೆಗೆ ಬರಬೇಕು. ತೂಬು ಗೇಣಗಲ ಇದ್ದರೆ ನೀನು ಗದ್ದೆಯನ್ನು ಎಕರೆಗಟ್ಟಲೆ ಹಿಗ್ಗಿಸಿದರೂ ಬರುವ ನೀರು ಅಷ್ಟೇ. ಚಾನೆಲ್‌ನವರು ಎಚ್‌ಡಿಯಲ್ಲಿ ಕಳಿಸಬೇಕು, ಕೇಬಲ್‌ನವರು ಅದನ್ನು ಹಾಗೆಯೇ ದಾಟಿಸಬೇಕು, ನಿನ್ನ ಸೆಟ್‌ಟಾಪ್ ಬಾಕ್ಸ್ ಎಚ್‌ಡಿಯದಾಗಿರಬೇಕು, ಬಾಕ್ಸಿನಿಂದ ಟಿವಿಗೆ ಎಚ್‌ಡಿಎಂಐ ವೈರ್ ಹೋಗಿರಬೇಕು. ಇಷ್ಟೆಲ್ಲ ಆದಮೇಲೆ ಪರದೆಯ ಸರದಿ.

ನಿಮ್ಮ ಬೀದಿಯಲ್ಲಿ ಬಹಳ ಮನೆಗಳಲ್ಲಿ ಈಗಲೂ ಸರ್ಕಾರದ ಅರಸು ಕೇಬಲ್ಲೇ ಇರಬೇಕು. 2011ರಲ್ಲಿ ತಿಂಗಳಿಗೆ 70 ರೂಪಾಯಿಗೆ ಕೊಡಲು ಶುರು ಮಾಡಿದಾಗ ಇಡೀ ಕಂಬಂ ಕಣಿವೆ ಅದಕ್ಕೆ ಹೋಯಿತು. 2017ರಿಂದ ಬಾಕ್ಸನ್ನೂ ಪುಕ್ಕಟೆ ಕೊಟ್ಟರು. ಆ ಬಾಕ್ಸ್ ಎಸ್‌ಡಿಯದು, ಅಂದರೆ ಹಳೆಯ ಸಾಧಾರಣ ಪಟದ್ದು. ಹಿಂಬದಿಯಲ್ಲಿ ಕೆಂಪು, ಬಿಳಿ, ಹಳದಿ ಮೂರು ವೈರ್ ಸಿಕ್ಕಿಸಿರುತ್ತಾರೆ ನೋಡು, ಆ ಹಳದಿ ವೈರಿನಲ್ಲಿ ಎಚ್‌ಡಿ ಹರಿಯುವುದೇ ಇಲ್ಲ. ಅರವತ್ತು ಸಾವಿರದ ಟಿವಿಗೆ ಇದೇ ಮೂರು ವೈರ್ ಸಿಕ್ಕಿಸಿಕೊಂಡು, ಪಟ ಮಂಜುಮಂಜಾಗಿ ಬರುತ್ತಿದೆ, ಕಂಪನಿ ಮೋಸ ಮಾಡಿತು ಎಂದು ನನ್ನ ಮುಂದೆ ಕೂಗಾಡಿದ ಗಿರಾಕಿಗಳು ಒಬ್ಬಿಬ್ಬರಲ್ಲ. ಟಿವಿಯಲ್ಲಿ ಏನೂ ಕೆಟ್ಟಿರಲಿಲ್ಲ.

ಇನ್ನೂ ಒಂದು ಕಿರಿಕಿರಿ ಇದೆ. ಎಸ್‌ಡಿ ಪಟ 720 ಅಡ್ಡ, 576 ಉದ್ದ. ಲೆಕ್ಕ ಹಾಕಿದರೆ ಸುಮಾರು ನಾಲ್ಕು ಲಕ್ಷ ಚುಕ್ಕಿ. ಫುಲ್ ಎಚ್‌ಡಿ ಪರದೆಯಲ್ಲಿ 1920 ಗುಣಿಸು 1080, ಇಪ್ಪತ್ತು ಲಕ್ಷದ ಮೇಲೆ. 4ಕೆ ಆದರೆ ಎಂಬತ್ತೆರಡು ಲಕ್ಷ ದಾಟುತ್ತದೆ. ನಾಲ್ಕು ಲಕ್ಷ ಚುಕ್ಕಿ ಕಳಿಸಿ ಎಂಬತ್ತೆರಡು ಲಕ್ಷ ತುಂಬಿಸು ಅಂದರೆ ಟಿವಿ ಉಳಿದದ್ದನ್ನು ಊಹಿಸಿ ತುಂಬುತ್ತದೆ. ಆದ್ದರಿಂದ ಎಸ್‌ಡಿ ಚಾನೆಲ್ಲು ದೊಡ್ಡ 4ಕೆ ಪರದೆಯಲ್ಲಿ ನಿನ್ನ ಹಳೆಯ ಟಿವಿಗಿಂತ ಕೆಟ್ಟದಾಗಿ ಕಾಣುವುದು ಉಂಟು. ದುಬಾರಿ ಟಿವಿಯಲ್ಲಿ ಊಹೆ ಸ್ವಲ್ಪ ಚೆನ್ನಾಗಿರುತ್ತದೆ, ಅಷ್ಟೇ.

ಹಾಗಾದರೆ ಮೊದಲು ಕೇಬಲ್‌ನವನನ್ನು ನಿಲ್ಲಿಸಿ ಕೇಳು: ಎಚ್‌ಡಿ ಬಾಕ್ಸ್ ಕೊಡುತ್ತೀಯಾ, ಎಷ್ಟು, ಯಾವ ಯಾವ ಚಾನೆಲ್ ಎಚ್‌ಡಿಯಲ್ಲಿ ಬರುತ್ತದೆ. ಇಲ್ಲ ಅಂದರೆ ಡಿಟಿಎಚ್ ನೋಡು. ಐಪ್ಪಸಿ, ಕಾರ್ತಿಕದ ಮಳೆ ಜೋರಾದಾಗ ಡಿಟಿಎಚ್ ಸಿಗ್ನಲ್ ಹೋಗಿ ಬಂದು ಮಾಡುತ್ತದೆ, ಅದು ತಿಳಿದಿರಲಿ. 2019ರಲ್ಲಿ ಟ್ರಾಯ್ ತಂದ ಪದ್ಧತಿಯಲ್ಲಿ ಒಂದು ಎಚ್‌ಡಿ ಚಾನೆಲ್ಲನ್ನು ಎರಡು ಎಸ್‌ಡಿ ಚಾನೆಲ್ ಎಂದು ಎಣಿಸಿದರು. ಬೆಲೆಯೂ ಎಸ್‌ಡಿಗಿಂತ ಹೆಚ್ಚು. ಟಿವಿಗೆ ಒಮ್ಮೆ ಕೊಟ್ಟರೆ ಮುಗಿಯಿತು, ಇದು ತಿಂಗಳು ತಿಂಗಳೂ ಬರುವ ಖರ್ಚು. ಎಲ್ಲವನ್ನೂ ಎಚ್‌ಡಿ ಮಾಡಿಸಬೇಡ. ಕ್ರಿಕೆಟ್ಟು ಎಚ್‌ಡಿಯಲ್ಲಿರಲಿ, ಚೆಂಡು ಕಾಣುವುದೇ ಆಗ. ನೀನು ಸಿನಿಮಾ ನೋಡುವ ಒಂದೆರಡು ಚಾನೆಲ್ ಇರಲಿ. ಸೀರಿಯಲ್ಲಿನ ಅತ್ತೆ ಕಣ್ಣುರುಳಿಸುವುದು ಎಸ್‌ಡಿಯಲ್ಲೂ ಚೆನ್ನಾಗಿಯೇ ಕಾಣುತ್ತದೆ.

ನಮ್ಮ ದೇಶದಲ್ಲಿ ಟಿವಿ ಮೇಲೆ ಬಂದದ್ದೆಲ್ಲ ಆಟದ ಬೆನ್ನು ಹತ್ತಿ. ಕಲರ್ ಬಂದದ್ದು 1982ರಲ್ಲಿ, ದೆಹಲಿಯ ಏಷ್ಯನ್ ಗೇಮ್ಸ್ ವರ್ಷ. ದೂರದರ್ಶನ ಎಚ್‌ಡಿಯಲ್ಲಿ ತೋರಿಸಿದ್ದು 2010ರಲ್ಲಿ, ಅದೇ ದೆಹಲಿಯ ಕಾಮನ್‌ವೆಲ್ತ್ ಗೇಮ್ಸ್ ಸಮಯ. ಆಮೇಲೆ 2023ರ ಐಪಿಎಲ್ಲನ್ನು ಫೋನಿನ ಆ್ಯಪಿನಲ್ಲಿ 4ಕೆ ಎಂದು ಪುಕ್ಕಟೆ ಬಿಟ್ಟರು. ಆಟ ಮುಗಿಯುತ್ತದೆ, ಟಿವಿಯ ಕಂತು ಮುಗಿಯುವುದಿಲ್ಲ. ಕಂತಿನ ಮಾತು ಬಂದಾಗ ಹೇಳಿಬಿಡುತ್ತೇನೆ: ಬಡ್ಡಿ ಸೊನ್ನೆ ಅನ್ನುವ ಬೋರ್ಡು ನೋಡಿ ಕರಗಬೇಡ. ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಪ್ರೊಸೆಸಿಂಗ್ ಫೀ ಎಷ್ಟು, ಕೈಯಲ್ಲಿ ನಗದು ಕೊಟ್ಟರೆ ಎಷ್ಟು ಇಳಿಸುತ್ತೀಯ ಎಂದು ಎರಡೂ ಕೇಳಿ ಕೂಡಿಸಿ ನೋಡು.

ಇನ್ನು ಇಂಚು. ಟೇಪು ಹಿಡಿದು ಗೋಡೆಯಿಂದ ಕೂರುವ ಜಾಗಕ್ಕೆ ಅಳೆ. ಒಳ್ಳೆಯ ಕಣ್ಣು ಇದ್ದವರಿಗೂ 32 ಇಂಚಿನ ಪರದೆಯಲ್ಲಿ ಫುಲ್ ಎಚ್‌ಡಿಯ ಸೂಕ್ಷ್ಮ ಪೂರ್ತಿ ಸಿಗಬೇಕಾದರೆ ನಾಲ್ಕು ಅಡಿ ಹತ್ತಿರ ಕೂರಬೇಕು. ಎಂಟು ಅಡಿ ದಾಟಿದರೆ ಆ ಸೈಜಿನಲ್ಲಿ ಎಸ್‌ಡಿಗೂ ಎಚ್‌ಡಿಗೂ ಕಣ್ಣು ಭೇದ ಮಾಡುವುದು ಕಷ್ಟ. 43 ಇಂಚಿಗೆ ಆ ಲೆಕ್ಕ ಐದೂವರೆ ಅಡಿ, ಹತ್ತೂವರೆ ಅಡಿ. ಅಂಗಡಿಯಲ್ಲಿ ನೀನು ಎರಡು ಅಡಿ ದೂರ ನಿಂತು ನೋಡುತ್ತೀಯ, ಅದರಿಂದಲೇ ಎಲ್ಲ ಬೆಳಗಿದಂತೆ ಕಾಣುವುದು. ನಿಮ್ಮ ಹಾಲ್ ನನಗೆ ಗೊತ್ತಿದ್ದಂತೆ ಒಂಬತ್ತು ಹತ್ತು ಅಡಿ. ಹಾಗಾಗಿ 43 ಇಂಚು, ಫುಲ್ ಎಚ್‌ಡಿ ಸಾಕು. ಈಗ ಆ ಸೈಜಿನಲ್ಲಿ 4ಕೆ ಕೂಡ ಹೆಚ್ಚು ಬೆಲೆಯಿಲ್ಲದೆ ಸಿಗುತ್ತದೆ, ಸಿಕ್ಕರೆ ಬೇಡ ಅನ್ನಬೇಡ. ಆದರೆ ಅದಕ್ಕೆಂದು ಐದು ಸಾವಿರ ಹೆಚ್ಚು ಕೊಡಬೇಡ. 32 ಇಂಚು ಮೇಲ್ಪಟ್ಟ ಟಿವಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಚಿಕ್ಕದಕ್ಕೆ ಮೊದಲೇ 18 ಇತ್ತು. ಚಿಕ್ಕದನ್ನೇ ತರಲು ಇದ್ದ ಒಂದು ಕಾರಣ ಹೋಯಿತು.

ಡಬ್ಬದ ಮೇಲಿನ ಅಕ್ಷರ ಓದುವಾಗ ಜೋಪಾನ. ಎಚ್‌ಡಿ ರೆಡಿ ಅಂದರೆ ಸಾಮಾನ್ಯವಾಗಿ 1366 ಗುಣಿಸು 768, ಫುಲ್ ಎಚ್‌ಡಿಯ ಅರ್ಧ ಚುಕ್ಕಿ. 4ಕೆ ಸಪೋರ್ಟ್ ಎಂದು ಬರೆದಿದ್ದರೆ, 4ಕೆ ಪಟ ಕೊಟ್ಟರೆ ತೆಗೆದುಕೊಂಡು ಇಳಿಸಿ ತೋರಿಸುತ್ತೇನೆ ಅಂತಲೂ ಇರಬಹುದು. ಪರದೆಯದೇ ರೆಸಲ್ಯೂಷನ್ ಎಷ್ಟು ಎಂದು ಕೇಳಿ, ಬಿಲ್ಲಿನಲ್ಲಿ ಮಾಡೆಲ್ ನಂಬರ್ ಬರೆಸಿಕೊ. ಬಿಐಎಸ್ ನೋಂದಣಿ ನಂಬರಿಲ್ಲದ, ಹೆಸರೇ ಕೇಳದ ಟಿವಿ ಅರ್ಧ ಬೆಲೆಗೆ ಸಿಕ್ಕರೂ ತರಬೇಡ. ಪ್ಯಾನೆಲ್ ಹೋದರೆ ಅದನ್ನು ಮುಟ್ಟುವವರು ತೇನಿಯಲ್ಲೂ ಸಿಗುವುದಿಲ್ಲ. ಸ್ಮಾರ್ಟ್ ಅನ್ನುವುದಕ್ಕೆ ಬಹಳ ದುಡ್ಡು ಸುರಿಯಬೇಡ. ಟಿವಿಯ ಪರದೆ ಹತ್ತು ವರ್ಷ ಬರುತ್ತದೆ, ಅದರೊಳಗಿನ ಸ್ಮಾರ್ಟು ನಾಲ್ಕೈದು ವರ್ಷಕ್ಕೆ ಮುದಿಯಾಗುತ್ತದೆ. ಆಮೇಲೆ ಒಂದು ಸ್ಟಿಕ್ ಸಿಕ್ಕಿಸಿಕೊಂಡರೆ ಆಯಿತು. ಫೋನಿನ ನೆಟ್ಟಿನಲ್ಲಿ ಟಿವಿ ನೋಡುವ ಯೋಚನೆ ಇದ್ದರೆ, ಎಚ್‌ಡಿ ಪಟ ಗಂಟೆಗೆ ಮೂರು ಜಿಬಿಯಷ್ಟು ತಿನ್ನಬಹುದು, 4ಕೆ ಏಳು.

ಕರೆಂಟಿನ ಹೆದರಿಕೆ ಬೇಡ. ಎರಡು ತಿಂಗಳಿಗೆ 100 ಯೂನಿಟ್ ಪುಕ್ಕಟೆ ಇದೆಯಲ್ಲ, ದಿನಕ್ಕೆ ಐದು ಗಂಟೆ ಹಾಕಿದರೆ 43 ಇಂಚಿನದು ಅದರಲ್ಲಿ ಇಪ್ಪತ್ತೈದು ಮೂವತ್ತು ಯೂನಿಟ್ ನುಂಗೀತು. ಸಿಡಿಲಿಗೆ ಮಾತ್ರ ಹೆದರು. ಗುಡುಗು ಕೇಳಿದ ತಕ್ಷಣ ಪ್ಲಗ್ ಕೀಳುವುದು ಎಲ್ಲರಿಗೂ ಗೊತ್ತು, ಕೇಬಲ್ ವೈರನ್ನೂ ಕೀಳಬೇಕು ಅನ್ನುವುದು ಗೊತ್ತಿಲ್ಲ. ನಮ್ಮ ಅಂಗಡಿಗೆ ಬರುತ್ತಿದ್ದ ಸುಟ್ಟ ಬೋರ್ಡುಗಳಲ್ಲಿ ಎಷ್ಟೋ ಆ ದಾರಿಯಿಂದ ಸುಟ್ಟವು.

ಈಗ ಮನೆಯವರ ಮಾತು. ನಿಮ್ಮಜ್ಜಿಗೆ ಬೇಕಾದ್ದು ಎಚ್‌ಡಿಯಲ್ಲ, ದೊಡ್ಡ ಅಕ್ಷರ. ಮುಲ್ಲೈಪೆರಿಯಾರ್ ಅಣೆಯಲ್ಲಿ ನೀರು 142 ಅಡಿ ಮುಟ್ಟಿತೋ ಇಲ್ಲವೋ ಎಂದು ಪರದೆಯ ಕೆಳಗೆ ಓಡುವ ಸಾಲನ್ನು ನಿಮ್ಮಪ್ಪ ಎದ್ದು ಹೋಗಿ ಓದುವುದನ್ನು ನಾನೇ ನೋಡಿದ್ದೇನೆ. ಅವರಿಬ್ಬರಿಗೂ ಇಂಚೇ ಮುಖ್ಯ. ಮಕ್ಕಳು ಚಾಪೆಯ ಮೇಲೆ ಆ ಮೂಲೆ ಈ ಮೂಲೆ ಕೂರುತ್ತಾರೆ, ಆದ್ದರಿಂದ ಅಂಗಡಿಯಲ್ಲಿ ಎದುರಿಗೆ ಮಾತ್ರ ನಿಲ್ಲದೆ ಪಕ್ಕಕ್ಕೂ ಹೋಗಿ, ಕುಕ್ಕರುಗಾಲಲ್ಲಿ ಕೂತು ನೋಡು. ಕೆಲವು ಪರದೆಗಳಲ್ಲಿ ಪಕ್ಕದಿಂದ ಬಣ್ಣ ಬೂದಿಯಾಗುತ್ತದೆ. ಐಪಿಎಸ್ ಪ್ಯಾನೆಲ್ಲಿಗೆ ಆ ತೊಂದರೆ ಕಡಿಮೆ.

ದನಿಯನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ಟಿವಿ ತೆಳ್ಳಗಾದಷ್ಟೂ ಸ್ಪೀಕರಿಗೆ ಜಾಗವಿಲ್ಲ, ಹಳೆಯ ದಪ್ಪ ಟಿವಿಯ ದನಿ ಇವುಗಳಿಗೆ ಬರುವುದಿಲ್ಲ. ಇಳಯರಾಜ ಹುಟ್ಟಿದ ಪಣ್ಣೈಪುರ ನಮ್ಮ ತಾಲೂಕಿನದೇ, ಅವರ ಹಾಡು ತಗಡು ಬಡಿದಂತೆ ಕೇಳಿಸುವ ಟಿವಿಯನ್ನು ಈ ಸೀಮೆಯಲ್ಲಿ ಮಾರುವುದೇ ತಪ್ಪು. ಫೋನಿನಲ್ಲಿ ಅವರ ಒಂದು ಹಾಡು ಇಟ್ಟುಕೊಂಡು ಹೋಗಿ ಅಂಗಡಿಯಲ್ಲೇ ಹಾಕಿಸಿ ಕೇಳು. 4ಕೆಗೆ ಕೊಡುವ ದುಡ್ಡನ್ನು ಒಂದು ಚಿಕ್ಕ ಸೌಂಡ್‌ಬಾರಿಗೆ ಕೊಟ್ಟರೆ ಅಜ್ಜಿಗೂ ಮಾತು ತಿಳಿದೀತು.

ಬಾಕ್ಸ್ ಬದಲಿಸುವಾಗ ಒಂದು ಕೆಲಸ ಮಾಡು, ಇದು ನಿನ್ನ ಪಟ್ಟಿಯಲ್ಲಿಲ್ಲ. ಕೇಬಲ್ ಪ್ಯಾಕಿನಲ್ಲಿ ನಮಗೆ ಬರುವುದೆಲ್ಲ ತಮಿಳು ಚಾನೆಲ್ಲು. ಆ ಭಾಷೆಯೂ ನಮ್ಮದೇ, ದೂರುತ್ತಿಲ್ಲ. ಆದರೆ ನಿನ್ನ ಮಕ್ಕಳು ಕನ್ನಡ ಕೇಳುವುದು ಅಜ್ಜಿಯ ಬಾಯಲ್ಲಿ ಮಾತ್ರ. ಒಂದು ಕನ್ನಡ ಚಾನೆಲ್ ಬಿಡಿಯಾಗಿ ಸೇರಿಸಿಕೊ, ಎಸ್‌ಡಿ ಸಾಕು, ಕೆಲವೇ ರೂಪಾಯಿ. ಡಿಡಿ ಫ್ರೀಡಿಶ್ ಹಾಕಿಸಿದರೆ ತಿಂಗಳ ಬಾಡಿಗೆಯೇ ಇಲ್ಲದೆ ದೂರದರ್ಶನದ ಕನ್ನಡ ಚಾನೆಲ್ ಚಂದನ ಬರುತ್ತದೆ. ದಿಂಡುಗಲ್ ಕಡೆ ಚಿನ್ನಾಳಪಟ್ಟಿಯಲ್ಲಿ ನೇಯುವ ದೇವಾಂಗರ ಮನೆಗಳಲ್ಲೂ ಇದೇ ಕಥೆ, ಮಗ್ಗದ ಮುಂದೆ ಕನ್ನಡ, ಬಾಗಿಲಾಚೆ ತಮಿಳು. ಟಿವಿಯಲ್ಲಿ ಬರುವ ಕನ್ನಡ ನಮ್ಮ ಮನೆಯ ಕನ್ನಡವಲ್ಲ, ಮಕ್ಕಳು ಮೊದಮೊದಲು ನಗುತ್ತಾರೆ. ನಗಲಿ. ನನಗೂ ಬೆಂಗಳೂರಿಗೆ ಹೋದ ಹೊಸತರಲ್ಲಿ ಜನ ನಕ್ಕಿದ್ದರು. ನಿನ್ನ ಇಡೀ ಖರ್ಚಿನಲ್ಲಿ ನಾನು ಮನಸ್ಸಿಟ್ಟು ಹೇಳುವುದು ಇದೊಂದೇ, ಉಳಿದದ್ದೆಲ್ಲ ಮೆಕ್ಯಾನಿಕ್ಕಿನ ಮಾತು.

ಹಳೆಯ ದಪ್ಪ ಟಿವಿ ಅಟ್ಟದ ಮೇಲಿದ್ದರೆ ಗುಜರಿಯವನಿಗೆ ಕೊಡುವ ಮೊದಲು ಯೋಚಿಸು. ಅದರ ಗಾಜಿನಲ್ಲಿ ಸೀಸ ಇದೆ. ತಾಮ್ರದ ಆಸೆಗೆ ಹಿಂಬದಿ ಒಡೆದು ಉಳಿದದ್ದನ್ನು ಹಳ್ಳಕ್ಕೆ ಸುರಿಯುತ್ತಾರೆ. ಹೊಸದು ಮಾರುವ ಅಂಗಡಿಯವನೇ ಹಳೆಯದನ್ನು ತೆಗೆದುಕೊಳ್ಳಲಿ, ಐನೂರು ಕಡಿಮೆ ಬಂದರೂ ಪರವಾಗಿಲ್ಲ.

ಟಿವಿ ಕೂರಿಸಲು ಕಂಪನಿಯ ಹುಡುಗ ಬಂದಾಗ ನೀನು ಮನೆಯಲ್ಲೇ ಇರು. ಅವನು ಮೊಳೆ ಹೊಡೆಯುವುದು ನಿಂತವನ ಕಣ್ಣಿನ ಎತ್ತರಕ್ಕೆ. ಚಾಪೆಯ ಮೇಲೆ ಕೂತು ನೋಡುವವರ ಕತ್ತು ನೋಯುತ್ತದೆ. ಪರದೆಯ ನಡುಮಧ್ಯ ಕೂತವರ ಕಣ್ಣಿಗಿಂತ ಗೇಣು ಮೇಲಿದ್ದರೆ ಹೆಚ್ಚಾಯಿತು. ಅಂಗಡಿಯ ಬೆಳಕಿಗೆಂದು ಇಟ್ಟ ವಿವಿಡ್ ಮೋಡನ್ನು ತೆಗೆಸಿ, ಸಿನಿಮಾ ಅಥವಾ ಸ್ಟ್ಯಾಂಡರ್ಡ್‌ಗೆ ಹಾಕಿಸು. ಬಾಕ್ಸಿನ ಸೆಟ್ಟಿಂಗಿನಲ್ಲಿ 1080 ಇದೆಯೋ ನೋಡಿಸು, ಎಷ್ಟೋ ಕಡೆ ಎಚ್‌ಡಿ ಬಾಕ್ಸೇ 576ರಲ್ಲಿ ಓಡುತ್ತಿರುತ್ತದೆ. ಹಳೆಯ ಸಿನಿಮಾ ಹಾಕಿ ಮುಖಗಳು ಅಗಲವಾಗಿವೆಯೇ ನೋಡು. ಆಗಿದ್ದರೆ ಪಟವನ್ನು ಎಳೆದು ತುಂಬಿಸಿದ್ದಾನೆ, 4:3ಕ್ಕೆ ತರಿಸು, ಎರಡು ಪಕ್ಕ ಕಪ್ಪು ಪಟ್ಟಿ ಬಂದರೆ ಬರಲಿ. ಇಷ್ಟು ಆದಮೇಲೆ ಅವನ ಕಾಗದಕ್ಕೆ ಸಹಿ ಹಾಕು, ಕಾಫಿ ಕೊಟ್ಟು ಕಳಿಸು.